ಬೆಳಗಾವಿ ಮಳೆಗಾಲಕ್ಕೆ ಯಾವ ಟವೆಲ್ ತಗೊಳ್ಳಬೇಕು? ನಮ್ಮವು ಒಣಗುವುದೇ ಇಲ್ಲ

ಅನಗೋಳ_ಎರಡನೇಮಹಡಿ

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು ಅನ್ನಿಸಬಹುದು, ಆದರೆ ನಮ್ಮ ಮನೆಯಲ್ಲಿ ದಿನಾ ಇದೇ ತಲೆನೋವು.

ನಾವು ಮೂಲ ವಿಜಯಪುರದವರು. ಕೆಲಸದ ಸಲುವಾಗಿ ಬೆಳಗಾವಿಗೆ ಬಂದೆವು, ಈಗ ಅನಗೋಳದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಊರಲ್ಲಿದ್ದಾಗ ಟವೆಲ್ ಒಣಗುತ್ತದೋ ಇಲ್ಲವೋ ಅಂತ ಯಾರೂ ಯೋಚನೆ ಮಾಡಿದ್ದೇ ಇಲ್ಲ. ಮಾಳಿಗೆ ಮೇಲೆ ಹಾಕಿ ಬಂದರೆ ನಾಷ್ಟಾ ಮುಗಿಯುವಷ್ಟರಲ್ಲಿ ಒಣಗಿರುತ್ತಿತ್ತು. ಇಲ್ಲಿ ಜೂನ್ ಬಂತು ಅಂದರೆ ಮುಗೀತು. ಬೆಳಿಗ್ಗೆ ಮೈ ಒರೆಸಿಕೊಂಡ ಟವೆಲ್ ರಾತ್ರಿ ಮುಟ್ಟಿದರೂ ತಣ್ಣಗಿರುತ್ತದೆ. ನಡುವೆ ಒಣಗಿದ ಹಾಗೆ ಕಂಡರೂ ಅಂಚಿನ ಪಟ್ಟಿ ಹಸಿಯಾಗಿಯೇ ಇರುತ್ತದೆ. ಮರುದಿನ ಅದನ್ನೇ ಬಳಸಿದರೆ ಮುಗ್ಗಲು ವಾಸನೆ, ಒಗೆದ ಮೇಲೂ ಪೂರ್ತಿ ಹೋಗುವುದಿಲ್ಲ. ಒಣಗಿದಾಗ ಏನೂ ವಾಸನೆ ಇರುವುದಿಲ್ಲ, ಮೈಗೆ ತಾಗಿ ಒದ್ದೆಯಾದ ಕೂಡಲೇ ಮತ್ತೆ ಬರುತ್ತದೆ. ಇದು ಯಾಕೆ?

ನಮ್ಮಲ್ಲಿ ಇರುವ ಟವೆಲ್ ಎಲ್ಲ ಮದುವೆಗೆ ಬಂದವು. ಒಳ್ಳೆಯ ದಪ್ಪ, ಮೆತ್ತಗೆ, ದುಬಾರಿ. ಮನೆಯಲ್ಲಿ ಐದು ಜನ, ಬಾಲ್ಕನಿ ಸಣ್ಣದು, ಪಡುವಣ ದಿಕ್ಕಿಗಿದೆ, ಮಳೆ ನೇರ ಒಳಗೆ ಹೊಡೆಯುತ್ತದೆ. ಹಾಗಾಗಿ ಬಚ್ಚಲುಮನೆಯ ರಾಡ್ ಮೇಲೆ, ಇಲ್ಲ ಬಾಗಿಲಿನ ಹಿಂದೆ ಮೊಳೆಗೆ ನೇತು ಹಾಕುತ್ತೇವೆ. ಈಗ ಹೊಸದು ತಗೊಳ್ಳೋಣ ಅಂತ ಇದ್ದೇವೆ. ಆನ್‌ಲೈನ್‌ನಲ್ಲಿ ನೋಡಿದರೆ ಬಿದಿರಿನ ಟವೆಲ್, ಮೈಕ್ರೋಫೈಬರ್, ವಾಫಲ್, ಜಿಎಸ್ಎಂ 450, 600, 700 ಅಂತ ಏನೇನೋ ಇದೆ. ಜಿಎಸ್ಎಂ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಮಳೆಗಾಲಕ್ಕೂ ಅದು ನಿಜವಾ? ಇಲ್ಲಿಯೇ ಹುಟ್ಟಿ ಬೆಳೆದವರು ಏನು ಬಳಸುತ್ತೀರಿ, ದಯವಿಟ್ಟು ಹೇಳಿ. ಐದು ಜನರಿಗೆ ಬೇಕಾಗಿರುವುದರಿಂದ ಒಮ್ಮೆ ತಪ್ಪು ಆರಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ.

---

ವಡಗಾವಿ_ಮಗ್ಗದಮನೆ

ಜಿಎಸ್ಎಂ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ. ಬೆಳಗಾವಿ ಮಳೆಗಾಲಕ್ಕೆ ಅದು ಉಲ್ಟಾ.

ನಮ್ಮ ಮನೆಯಲ್ಲಿ ಸೀರೆ ಮಗ್ಗ, ಟವೆಲ್ ನೇಯುವುದಿಲ್ಲ. ಆದರೆ ನೂಲಿನ ಕೆಲಸ ಗೊತ್ತಿರುವುದರಿಂದ ಹೇಳುತ್ತೇನೆ. ಮಾಮೂಲಿ ಬಟ್ಟೆಗೆ ಒಂದು ಹಾಸು (ಉದ್ದಕ್ಕೆ ಹೋಗುವ ನೂಲು), ಒಂದು ಹೊಕ್ಕು (ಅಡ್ಡಕ್ಕೆ ಹೋಗುವ ನೂಲು). ಟೆರ್ರಿ ಟವೆಲ್‌ಗೆ, ಅಂದರೆ ಮೇಲೆ ನೂಲಿನ ಕುಣಿಕೆ ಇರುವ ಮಾಮೂಲಿ ಟವೆಲ್‌ಗೆ, ಎರಡು ಹಾಸು ಇರುತ್ತವೆ. ಒಂದನ್ನು ಬಿಗಿಯಾಗಿ ಎಳೆದಿರುತ್ತಾರೆ, ಅದು ತಳದ ಬಟ್ಟೆ ಆಗುತ್ತದೆ. ಇನ್ನೊಂದನ್ನು ಸಡಿಲ ಬಿಟ್ಟಿರುತ್ತಾರೆ. ಹೊಕ್ಕಿನ ಎಳೆಗಳನ್ನು ಮೊದಲು ಸ್ವಲ್ಪ ದೂರ ನಿಲ್ಲಿಸಿ, ಸಾಮಾನ್ಯವಾಗಿ ಮೂರು ಎಳೆ ಆದ ಮೇಲೆ, ಎಲ್ಲವನ್ನೂ ಸೇರಿಸಿ ಮುಂದಕ್ಕೆ ಬಡಿಯುತ್ತಾರೆ. ಆಗ ಸಡಿಲ ಇದ್ದ ನೂಲು ಮೇಲಕ್ಕೆದ್ದು ಕುಣಿಕೆ ಆಗಿ ನಿಲ್ಲುತ್ತದೆ. ನೀರು ಹೀರುವುದು ಈ ಕುಣಿಕೆಗಳೇ. ಕುಣಿಕೆ ಉದ್ದ ಇದ್ದಷ್ಟು, ಒತ್ತಾಗಿ ಇದ್ದಷ್ಟು ನೀರು ಜಾಸ್ತಿ ಹಿಡಿಯುತ್ತದೆ. ಆದರೆ ಹಿಡಿದ ನೀರು ಹೊರಗೆ ಹೋಗಬೇಕಲ್ವಾ? ಬುಡದಲ್ಲಿ ಗಾಳಿ ಆಡುವುದಕ್ಕೆ ಜಾಗವೇ ಇರುವುದಿಲ್ಲ. ಮೇಲ್ಮೈ ಒಣಗಿ ಬುಡ ಹಸಿ ಇರುತ್ತದೆ. ನಿಮ್ಮ ಅಂಚಿನ ಪಟ್ಟಿಯ ಕಥೆಯೂ ಇಷ್ಟೇ. ಅಲ್ಲಿ ಕುಣಿಕೆ ಇಲ್ಲ, ಆದರೆ ನೇಯ್ಗೆ ಬಹಳ ಬಿಗಿ, ತುದಿಯಲ್ಲಿ ಬಟ್ಟೆಯನ್ನು ಎರಡು ಸಲ ಮಡಚಿ ಹೊಲಿದಿರುವುದರಿಂದ ಮೂರು ಪದರ ಆಗಿರುತ್ತದೆ. ನೇತು ಹಾಕಿದಾಗ ನೀರೂ ಇಳಿದು ಅಲ್ಲಿಗೇ ಬಂದು ಸೇರುತ್ತದೆ.

ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಲೇಬಲ್ ನಂಬಬೇಕಾಗಿಲ್ಲ, ನೀವೇ ನೋಡಬಹುದು. 30 ಇಂಚು ಅಗಲ, 60 ಇಂಚು ಉದ್ದದ ಟವೆಲ್ ಅಂದರೆ ಸುಮಾರು 1.16 ಚದರ ಮೀಟರ್. ಅದು ತಕ್ಕಡಿಯಲ್ಲಿ 465 ಗ್ರಾಂ ತೂಗಿದರೆ 400 ಜಿಎಸ್ಎಂ. 700 ಗ್ರಾಂ ತೂಗಿದರೆ 600 ಜಿಎಸ್ಎಂ. ಅಡಿಗೆಮನೆಯ ಸಣ್ಣ ತಕ್ಕಡಿ ಇದ್ದರೆ ಮನೆಯಲ್ಲಿರುವ ದಪ್ಪ ಟವೆಲ್ ಒಮ್ಮೆ ತೂಗಿ ನೋಡಿ. ಮದುವೆಯಲ್ಲಿ ಬಂದವು ಅಂದರೆ 600 ದಾಟಿರುವ ಹಾಗೆ ಕಾಣುತ್ತದೆ. ಮಷಿನ್‌ನಲ್ಲಿ ಚೆನ್ನಾಗಿ ಹಿಂಡಿದ ಮೇಲೂ ಬಟ್ಟೆಯ ತೂಕದ ಅರ್ಧದಷ್ಟು ನೀರು ಒಳಗೆ ಉಳಿಯುತ್ತದೆ. ಅಂದರೆ 700 ಗ್ರಾಂ ಟವೆಲ್‌ನಲ್ಲಿ ಒಂದೂವರೆ ಲೋಟದಷ್ಟು ನೀರು. ಅದು ಜುಲೈ ತಿಂಗಳ ಬೆಳಗಾವಿ ಗಾಳಿಗೆ ಹೋಗಬೇಕು. ಆ ಗಾಳಿಯೇ ಹಸಿ.

ನನ್ನ ಮಾತು ಕೇಳುವುದಾದರೆ 300ರಿಂದ 400 ಜಿಎಸ್ಎಂ ಒಳಗಿನದು, ಪೂರ್ತಿ ಹತ್ತಿಯದು ತಗೊಳ್ಳಿ. ಒಂದು ದಪ್ಪ ಟವೆಲ್ ದುಡ್ಡಿನಲ್ಲಿ ಎರಡು ತೆಳುವಾದವು ಬರುತ್ತವೆ. ತಲೆಗೆ ಎರಡರಂತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸಿದರೆ ಒಂದೊಂದಕ್ಕೂ ಒಣಗಲು ಎರಡು ಹಗಲು ಸಿಗುತ್ತವೆ. ಅಂಗಡಿಯಲ್ಲಿ ಟವೆಲ್ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ಬೆಳಕು ಸಣ್ಣಗೆ ಕಾಣಬೇಕು, ಆದರೆ ನೇಯ್ಗೆ ಒಂದೇ ಸಮ ಇರಬೇಕು. ಅಂಚಿನ ಅಲಂಕಾರದ ಪಟ್ಟಿ ಅಗಲ ಇದ್ದರೆ ಬೇಡ. ಆ ಪಟ್ಟಿಗೆ ಕೆಲವರು ಪಾಲಿಸ್ಟರ್ ನೂಲು ಸೇರಿಸುತ್ತಾರೆ, ಒಗೆದ ಮೇಲೆ ಹತ್ತಿ ಒಂದು ಕಡೆ ಕುಗ್ಗಿ ಪಟ್ಟಿ ಸುಕ್ಕಾಗಿ ನಿಲ್ಲುತ್ತದೆ.

---

ಖಾನಾಪುರ_ಮಳೆ

ಬೆಳಗಾವಿಯಲ್ಲಿ ಮಳೆ ಅಂತೀರಿ, ನಮ್ಮ ತಾಲೂಕಿನ ಕಣಕುಂಬಿ, ಆಮಗಾವ ಕಡೆ ಬಂದು ನೋಡಿ. ಅಲ್ಲಿಯ ಹಳೆಯ ಮನೆಗಳಲ್ಲಿ ಟೆರ್ರಿ ಟವೆಲ್ ಮಳೆಗಾಲದಲ್ಲಿ ಹೊರಗೇ ತೆಗೆಯುವುದಿಲ್ಲ. ಕುಣಿಕೆ ಇಲ್ಲದ ತೆಳು ಹತ್ತಿ ವಲ್ಲಿ ಅಷ್ಟೇ. ಮೈ ಒರೆಸಿ, ಹಿಂಡಿ, ಇನ್ನೊಮ್ಮೆ ಒರೆಸಿಕೊಳ್ಳಬಹುದು. ದಪ್ಪ ಟವೆಲ್‌ನಲ್ಲಿ ಇದು ಆಗುವುದಿಲ್ಲ. ಬಚ್ಚಲ ಹಂಡೆಯ ಒಲೆಯ ಮೇಲೆ, ಬೆಂಕಿಗೆ ದೂರವಾಗಿ, ಹಗ್ಗ ಕಟ್ಟಿ ಒಣಗಿಸುತ್ತಾರೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಅದು ನನಗೆ ಇಷ್ಟ.

ನಿಮಗೆ ಹಂಡೆ ಒಲೆ ಇಲ್ಲ, ಬಾಡಿಗೆ ಮನೆ. ಆದರೂ ವಲ್ಲಿ ಮಾತ್ರ ಬಳಸಿ ನೋಡಿ ಅಂತ ಹೇಳುತ್ತೇನೆ. ಮೊದಲ ಎರಡು ಮೂರು ಸಲ ನೀರು ಹೀರುವುದಿಲ್ಲ, ಗಂಜಿ ಇರುತ್ತದೆ. ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಒಗೆಯಿರಿ. ಒಗೆದಷ್ಟೂ ಮೆತ್ತಗಾಗುತ್ತದೆ. ಒಂದು ಸಲ ರೂಢಿ ಆದರೆ ಮತ್ತೆ ದಪ್ಪ ಟವೆಲ್ ಹಿಡಿಯಲು ಮನಸ್ಸು ಬರುವುದಿಲ್ಲ.

ಬೆಳಗಾವಿ ಹತ್ತಿರ ಹುದಲಿ ಇದೆಯಲ್ಲ, 1937ರಲ್ಲಿ ಗಾಂಧೀಜಿ ಬಂದು ಉಳಿದಿದ್ದ ಊರು, ಅಲ್ಲಿ ಇವತ್ತಿಗೂ ಖಾದಿ ಕೆಲಸ ನಡೆಯುತ್ತದೆ. ಖಾದಿ ಟವೆಲ್ ಸಿಕ್ಕರೆ ಬಿಡಬೇಡಿ. ಕೈನೂಲಿನ ಬಟ್ಟೆ ಬಹಳ ಒತ್ತಾಗಿ ಇರುವುದಿಲ್ಲ, ಎಳೆಗಳ ನಡುವೆ ಗಾಳಿ ಆಡುತ್ತದೆ.

---

ಟಿಳಕವಾಡಿ_ಲ್ಯಾಬ್

ಬಿದಿರು, ಮೈಕ್ರೋಫೈಬರ್, ವಾಫಲ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಜೊತೆಗೆ ಆ ವಾಸನೆಯ ಪ್ರಶ್ನೆಗೂ.

ಬಿದಿರಿನ ಟವೆಲ್ ಅಂತ ಮಾರುವುದು ಬಹುತೇಕ ವಿಸ್ಕೋಸ್. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ನೂಲಾಗಿ ಎಳೆದದ್ದು. ಮುಟ್ಟಿದರೆ ರೇಷ್ಮೆಯ ಹಾಗೆ ಮೆತ್ತಗೆ, ನಿಜ. ಆದರೆ ಸುಮ್ನೆ ಗಾಳಿಯಲ್ಲಿಟ್ಟ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವ ಹಿಡಿದುಕೊಂಡರೆ ವಿಸ್ಕೋಸ್ ಶೇ. 12-13ರಷ್ಟು ಹಿಡಿಯುತ್ತದೆ. ಪಾಲಿಸ್ಟರ್ ಶೇ. ಅರ್ಧಕ್ಕೂ ಕಡಿಮೆ. ಅಂದರೆ ಬಿದಿರಿನದು ನೀರನ್ನು ಹತ್ತಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಬೇಗ ಒಣಗುತ್ತದೆ ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬೇಡಿ. ಇನ್ನೊಂದು, ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ, ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಬಡಿದು ಒಗೆಯುವ ಮನೆಗೆ ಅದು ಬೇಡವೇ ಬೇಡ.

ಮೈಕ್ರೋಫೈಬರ್ ಅಂದರೆ ಬಹಳ ಸಣ್ಣ ಪಾಲಿಸ್ಟರ್ ಎಳೆಯದು, ಅದು ನಿಜಕ್ಕೂ ಬೇಗ ಒಣಗುತ್ತದೆ. ಪ್ರವಾಸಕ್ಕೆ, ಈಜಿಗೆ, ಕೂದಲು ಒರೆಸಲು ಒಳ್ಳೆಯದು. ದಿನಾ ಮೈಗೆ ನನಗೆ ಸರಿ ಬರಲಿಲ್ಲ, ಒರಟು ಚರ್ಮಕ್ಕೆ ಎಳೆದಂತೆ ಆಗುತ್ತದೆ. ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ಮನೆಯಲ್ಲಂತೂ ಕಷ್ಟ, ಆ ನೂಲು ಎಣ್ಣೆಯನ್ನು ಬಿಡುವುದಿಲ್ಲ.

ವಾಫಲ್ ನೇಯ್ಗೆ ನಿಮಗೆ ಸರಿಹೋಗುತ್ತದೆ. ಅದರಲ್ಲಿ ಕುಣಿಕೆ ಇಲ್ಲ, ಜೇನುಗೂಡಿನ ಹಾಗೆ ಚೌಕ ಚೌಕ ಗುಂಡಿಗಳು. ಗುಂಡಿಯಿಂದಾಗಿ ಮೇಲ್ಮೈ ಜಾಸ್ತಿ ಆಗುತ್ತದೆ, ಬಟ್ಟೆ ಮಾತ್ರ ತೆಳುವಾಗಿಯೇ ಇರುತ್ತದೆ. ಮೊದಲ ಒಗೆತಕ್ಕೆ ಚೆನ್ನಾಗಿ ಕುಗ್ಗುತ್ತದೆ, ಅದಕ್ಕೇ ಒಂದು ಅಳತೆ ದೊಡ್ಡದು ತಗೊಳ್ಳಿ.

ಇನ್ನು ವಾಸನೆ. ಟವೆಲ್‌ಗೆ ನಮ್ಮ ಮೈಯ ಜಿಡ್ಡು, ಸತ್ತ ಚರ್ಮದ ಪುಡಿ ಅಂಟುತ್ತದೆ. ತೇವ ಹಾಗೇ ಉಳಿದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯುತ್ತವೆ. ಜಪಾನಿನ ಸಂಶೋಧಕರು 2012ರಲ್ಲಿ ಇದಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಅಂತ ತೋರಿಸಿದರು. ಅದು ಬಿಡುವ ಒಂದು ಆಮ್ಲಕ್ಕೆ ಆ ಒದ್ದೆ ಬಟ್ಟೆಯ ವಾಸನೆ. ಈ ಬ್ಯಾಕ್ಟೀರಿಯಾ ಒಣಗಿದರೂ ಸುಲಭಕ್ಕೆ ಸಾಯುವುದಿಲ್ಲ, ಹಾಗಾಗಿಯೇ ಟವೆಲ್ ಮತ್ತೆ ಒದ್ದೆಯಾದ ಕೂಡಲೇ ವಾಸನೆ ತಿರುಗಿ ಬರುವುದು. ತಣ್ಣೀರಿನಲ್ಲಿ ಒಗೆದರೆ ಹೋಗುವುದಿಲ್ಲ. ಮಷಿನ್ ಇದ್ದರೆ 60 ಡಿಗ್ರಿ ಇಡಿ. ಇಲ್ಲದಿದ್ದರೆ ಬಿಳಿ ಟವೆಲ್‌ಗಳನ್ನು ಕುದಿಯುವ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಹಾಕಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಪೂರ್ತಿ ನಿಲ್ಲಿಸಿ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಟವೆಲ್ ನೀರು ಹೀರುವುದು ಕಡಿಮೆಯಾಗುತ್ತದೆ. ಕೆಲವರು ವಿನೆಗರ್ ಹಾಕುತ್ತಾರೆ, ಹಾಕಬಹುದು, ಆದರೆ ಬ್ಲೀಚ್ ಜೊತೆ ಎಂದಿಗೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

---

ಗುಮ್ಮಟದೂರು

ನಾನು ಇನ್ನೂ ವಿಜಯಪುರದಲ್ಲೇ ಇದ್ದೇನೆ. ನಮ್ಮ ಸಮಸ್ಯೆ ನಿಮ್ಮದಕ್ಕಿಂತ ಬೇರೆ. ಟವೆಲ್ ಒಣಗುತ್ತದೆ, ಆದರೆ ಹಪ್ಪಳದ ಹಾಗೆ ಆಗುತ್ತದೆ. ಬೋರ್‌ವೆಲ್ ನೀರು ಗಡಸು. ಸಾಬೂನು ಹಚ್ಚಿ ಒಗೆದರೆ ನೀರಿನ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ಬಿಳಿ ಗಸಿ ಆಗಿ ನೂಲಿಗೆ ಅಂಟುತ್ತದೆ. ನಿಮ್ಮಲ್ಲಿ ರಕ್ಕಸಕೊಪ್ಪ, ಹಿಡಕಲ್ ಜಲಾಶಯದ ನೀರು ನಳದಲ್ಲಿ ಬರುತ್ತದೆ, ಅದು ಬಂದ ದಿನ ಟವೆಲ್ ಒಗೆಯಿರಿ. ಟ್ಯಾಂಕರ್ ಅಥವಾ ಬೋರ್ ನೀರು ಇದ್ದ ದಿನ ಬೇರೆ ಬಟ್ಟೆ ನೋಡಿಕೊಳ್ಳಿ. ಬಾರ್ ಸಾಬೂನಿಗಿಂತ ಪೌಡರ್ ಒಳ್ಳೆಯದು, ಅದೂ ಅಳತೆಗಿಂತ ಕಮ್ಮಿ ಹಾಕಿ.

ಟವೆಲ್ ಮಾತ್ರ ನಾವು ಸೊಲ್ಲಾಪುರದ್ದೇ ತರುವುದು. ವಿಜಯಪುರದಿಂದ ನೂರು ಕಿಲೋಮೀಟರ್ ಆಸುಪಾಸು. ಸೊಲ್ಲಾಪುರದ ಚಾದರ್, ಟೆರ್ರಿ ಟವೆಲ್ ಎರಡಕ್ಕೂ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಇದೆ. ಅಲ್ಲಿ ದಪ್ಪದ್ದೂ ಸಿಗುತ್ತದೆ, ತೆಳುವಾದದ್ದೂ ಸಿಗುತ್ತದೆ, ಕೇಳಿ ತಗೊಳ್ಳಬೇಕು. ಊರಿಗೆ ಬಂದಾಗ ಇಲ್ಲಿಂದಲೇ ಒಯ್ಯಿರಿ. ಬೆಳಗಾವಿಯಲ್ಲಿ ಗಣಪತಿ ಗಲ್ಲಿ, ಖಡೇಬಜಾರ ಕಡೆಯೂ ಕೇಳಿ ನೋಡಿ.

---

ಶಹಾಪುರ_ಸೊಸೆ

ಎಲ್ಲರೂ ತೆಳುವಾದದ್ದೇ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಾವನವರಿಗೆ ವಯಸ್ಸಾಗಿದೆ. ಮಳೆಗಾಲದ ಬೆಳಿಗ್ಗೆ ಬಿಸಿನೀರು ಸ್ನಾನ ಮಾಡಿ ಹೊರಗೆ ಬಂದಾಗ ಮೈ ನಡುಗುತ್ತದೆ. ತೆಳು ವಲ್ಲಿಯಿಂದ ಅವರಿಗೆ ಬೆಚ್ಚಗೆ ಆಗುವುದಿಲ್ಲ, ಚರ್ಮವೂ ತೆಳುವಾಗಿದೆ, ತಿಕ್ಕಿದರೆ ಉರಿ ಅನ್ನುತ್ತಾರೆ. ಅದಕ್ಕೆ ಅವರಿಗೆ ಎರಡು ಇಟ್ಟಿದ್ದೇನೆ. ವಾಫಲ್ ಟವೆಲ್‌ನಿಂದ ಮೊದಲು ನೀರು ಒತ್ತಿ ತೆಗೆಯುವುದು, ಆಮೇಲೆ ದಪ್ಪ ಟವೆಲ್ ಹೊದಿಸುವುದು. ದಪ್ಪದ್ದು ಅಷ್ಟು ಒದ್ದೆ ಆಗುವುದೇ ಇಲ್ಲ, ಫ್ಯಾನ್ ಕೆಳಗೆ ಸಂಜೆ ಹೊತ್ತಿಗೆ ಒಣಗಿಬಿಡುತ್ತದೆ. ನಿಮ್ಮ ಮದುವೆ ಟವೆಲ್‌ಗಳನ್ನು ಎಸೆಯಬೇಡಿ. ಹಿರಿಯರಿದ್ದರೆ, ಚಿಕ್ಕ ಮಗು ಇದ್ದರೆ ಹೀಗೆ ಉಪಯೋಗಕ್ಕೆ ಬರುತ್ತವೆ. ಉಳಿದದ್ದನ್ನು ಚೆನ್ನಾಗಿ ಒಣಗಿದ ಮೇಲೆ ಕಟ್ಟಿಟ್ಟು ಬೇಸಿಗೆಗೆ ತೆಗೆಯಿರಿ.

ಮತ್ತೆ, ಯಾವ ಟವೆಲ್ ಅನ್ನುವುದಕ್ಕಿಂತ ಎಲ್ಲಿ ಒಣಗಿಸುತ್ತೀರಿ ಅನ್ನುವುದು ಮುಖ್ಯ. ಬಚ್ಚಲುಮನೆಯಲ್ಲಿ ದಯವಿಟ್ಟು ಬೇಡ. ಇಡೀ ಮನೆಯಲ್ಲಿ ಜಾಸ್ತಿ ಹಸಿ ಇರುವ ಜಾಗ ಅದು. ಬಾಗಿಲಿನ ಹಿಂದಿನ ಮೊಳೆಯೂ ಬೇಡ, ಒಂದೇ ಕಡೆ ಮುದ್ದೆಯಾಗಿ ನಿಲ್ಲುತ್ತದೆ. ನಡುಮನೆಯಲ್ಲಿ ಫ್ಯಾನ್ ಕೆಳಗೆ ಮಡಚುವ ಸ್ಟ್ಯಾಂಡ್ ಇಡಿ. ಟವೆಲ್ ಅನ್ನು ಎರಡು ಪದರ ಮಾಡಿ ಒಂದೇ ಕಂಬಿಗೆ ಹಾಕಬೇಡಿ. ಒಂದು ಕಂಬಿ ಬಿಟ್ಟು ಇನ್ನೊಂದಕ್ಕೆ ಹರಡಿ, ಎರಡು ಮಗ್ಗುಲಿನ ನಡುವೆ ಗಾಳಿ ಹೋಗುವ ಹಾಗೆ. ಫ್ಯಾನ್ ಸಣ್ಣಗೆ ಇದ್ದರೂ ಸಾಕು, ನಿಂತ ಗಾಳಿಗಿಂತ ಎಷ್ಟೋ ವಾಸಿ. ಹಾಕುವ ಮುಂಚೆ ಎರಡೂ ತುದಿ ಹಿಡಿದು ಜೋರಾಗಿ ಝಾಡಿಸಿ, ಒತ್ತಿಹೋದ ಕುಣಿಕೆಗಳು ಎದ್ದು ನಿಲ್ಲುತ್ತವೆ. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂಡ ಸ್ವಲ್ಪ ಹೊತ್ತು ಹಾಕಿಡಿ. ಇಲ್ಲದಿದ್ದರೆ ಟವೆಲ್‌ನಿಂದ ಹೋದ ತೇವ ಮನೆಯಲ್ಲೇ ಉಳಿದು ಗೋಡೆಗೆ ಬೂಷ್ಟು ಬರುತ್ತದೆ.

---

ಕ್ಯಾಂಪ್_ದಾದಿ

ನಾನು ಟವೆಲ್ ಯಾವುದು ಅಂತ ಹೇಳುವುದಿಲ್ಲ, ಅದನ್ನು ಇವರೆಲ್ಲ ಹೇಳಿದ್ದಾರೆ. ಒಂದೇ ಮಾತು. ಐದು ಜನಕ್ಕೆ ಐದು ಬೇರೆ ಬೇರೆ ಬಣ್ಣ ತಗೊಳ್ಳಿ, ಒಬ್ಬರದ್ದು ಇನ್ನೊಬ್ಬರು ಮುಟ್ಟಬೇಡಿ.

ಮಳೆಗಾಲದಲ್ಲಿ ಹುಳಕಡ್ಡಿ ಹಿಡಿದುಕೊಂಡು ಬರುವವರು ಬಹಳ. ತೊಡೆಸಂದು, ಕಂಕುಳು, ಸೊಂಟದ ಸುತ್ತ. ಅದು ಶಿಲೀಂಧ್ರ, ಹಸಿ ಟವೆಲ್‌ನಿಂದ ಮನೆಯವರಿಗೆಲ್ಲ ಹಬ್ಬುತ್ತದೆ. ಅಪ್ಪನಿಗೆ ಬಂದದ್ದು ಮಗನಿಗೆ, ಅಲ್ಲಿಂದ ತಾಯಿಗೆ. ಒಬ್ಬರಿಗೆ ಔಷಧಿ ಕೊಟ್ಟು ಟವೆಲ್ ಹಾಗೇ ಬಿಟ್ಟರೆ ಮತ್ತೆ ತಿರುಗಿ ಬರುತ್ತದೆ. ಕಜ್ಜಿ ಇದ್ದವರ ಟವೆಲ್, ಒಳಉಡುಪು ಬೇರೆ ಬಕೆಟ್‌ನಲ್ಲಿ ಬಿಸಿನೀರಿಗೆ ಹಾಕಿ ಒಗೆಯಬೇಕು. ಪೂರ್ತಿ ಒಣಗಬೇಕು. ಮಳೆ ಬಿಡದೇ ಇದ್ದರೆ ಕೊನೆಗೆ ಇಸ್ತ್ರಿ ಪೆಟ್ಟಿಗೆ ಆಡಿಸಿ, ಅಂಚಿನ ಮೇಲೂ. ಮತ್ತೆ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಬೇಡಿ. ಮೊದಲು ತುರಿಕೆ ನಿಂತ ಹಾಗೆ ಆಗುತ್ತದೆ, ಒಳಗೆ ಹುಳಕಡ್ಡಿ ಇನ್ನಷ್ಟು ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

---

ಅನಗೋಳ_ಎರಡನೇಮಹಡಿ

ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಬಹಳ ಥ್ಯಾಂಕ್ಸ್. ಮನೆಯ ದಪ್ಪ ಟವೆಲ್ ತೂಗಿ ನೋಡಿದೆ. 30 ಇಂಚು, 60 ಇಂಚಿನದು 760 ಗ್ರಾಂ ಇದೆ. ಅಂದರೆ 650 ಜಿಎಸ್ಎಂ ಮೇಲೆ. ಈಗ ಅರ್ಥ ಆಯಿತು.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಐದು ಜನರಿಗೂ ತಲೆಗೆ ಎರಡು, 350 ಜಿಎಸ್ಎಂ ಆಸುಪಾಸಿನ ಹತ್ತಿ ಟವೆಲ್, ಬಣ್ಣ ಬೇರೆ ಬೇರೆ. ನಮ್ಮ ತಾಯಿಗೆ ಇವುಗಳ ಜೊತೆಗೆ ಶಹಾಪುರದ ಅಕ್ಕ ಹೇಳಿದ ಹಾಗೆ ವಾಫಲ್ ಮತ್ತು ಹಳೆಯ ದಪ್ಪದ್ದು. ಸ್ಟ್ಯಾಂಡ್ ನಡುಮನೆಗೆ. ಒಂದು ಅನುಮಾನ ಉಳಿದಿದೆ. ಹೊಸ ಟವೆಲ್ ತಂದ ಕೂಡಲೇ ನೀರು ಹೀರುವುದಿಲ್ಲ, ಮೈಮೇಲೆ ನೀರು ಜಾರುತ್ತದೆ ಅಂತ ನಮ್ಮ ತಾಯಿ ಹೇಳುತ್ತಾರೆ. ಖಾನಾಪುರದವರು ಹೇಳಿದ ಗಂಜಿಯೇ ಇದಕ್ಕೂ ಕಾರಣವಾ?

---

ವಡಗಾವಿ_ಮಗ್ಗದಮನೆ

ಟೆರ್ರಿಯಲ್ಲಿ ಗಂಜಿಗಿಂತ ಸಿಲಿಕೋನ್ ಅನ್ನುವ ಲೇಪ ಜಾಸ್ತಿ. ಅಂಗಡಿಯಲ್ಲಿ ಮುಟ್ಟಿದಾಗ ಮೆತ್ತಗೆ ಅನ್ನಿಸಲಿ ಅಂತ ಕೊನೆಗೆ ಹಚ್ಚುತ್ತಾರೆ. ಅಂಗಡಿಯ ಮೆತ್ತನೆ ನೋಡಿ ಟವೆಲ್ ಆರಿಸಬೇಡಿ ಅನ್ನುವುದು ಇದಕ್ಕೇ. ಬಿಸಿನೀರು, ಸ್ವಲ್ಪ ವಾಷಿಂಗ್ ಸೋಡಾ, ಮೂರು ನಾಲ್ಕು ಒಗೆತ. ಬಣ್ಣದವನ್ನು ಮೊದಲು ಬೇರೆ ಬೇರೆ ಒಗೆಯಿರಿ, ಬಣ್ಣ ಬಿಡುತ್ತದೆ. ಆಮೇಲೆ ಒಂದು ಹನಿ ನೀರು ಮೇಲೆ ಹಾಕಿ ನೋಡಿ. ಹನಿ ಗುಂಡಗೆ ನಿಂತರೆ ಇನ್ನೊಂದು ಸಲ ಒಗೆಯಿರಿ. ಬಿದ್ದ ಕೂಡಲೇ ಒಳಗೆ ಇಂಗಿದರೆ ಬಳಸಲು ಶುರು ಮಾಡಿ.

ಇನ್ನೊಂದು, ಹತ್ತನ್ನೂ ಒಟ್ಟಿಗೆ ತರಬೇಡಿ. ಒಂದೇ ಒಂದು ತಂದು, ಒಗೆದು, ಜೋರು ಮಳೆಯ ದಿನ ನಿಮ್ಮ ಮನೆಯ ಫ್ಯಾನ್ ಕೆಳಗೇ ಒಣಗಿಸಿ ನೋಡಿ. ಬೆಳಿಗ್ಗೆ ಹಾಕಿದ್ದು ರಾತ್ರಿ ಊಟದ ಹೊತ್ತಿಗೆ ಅಂಚಿನ ಪಟ್ಟಿ ಸಮೇತ ಒಣಗಿದ್ದರೆ, ಅದೇ ಅಂಗಡಿಗೆ ಹೋಗಿ ಉಳಿದ ಒಂಬತ್ತು ತಗೊಳ್ಳಿ.